ಬ್ರೈನ್‌ಸ್ಟಾರ್ಮಿಂಗ್‌ಗೆ ಬೇರೆ ದೇಶದ ಟೀಚರ್‌ಗಳೇ ಯಾಕೆ ಬೇಕು?

ಬೇರೆ ಬೇರೆ ದೇಶಗಳ ಟೀಚರ್‌ಗಳ ಜೊತೆ ಆನ್‌ಲೈನಿನಲ್ಲಿ ಬ್ರೈನ್‌ಸ್ಟಾರ್ಮಿಂಗ್ (ಪಾಠಗಳಿಗೆ ಗುಂಪಾಗಿ ಐಡಿಯಾ ಹುಡುಕುವುದು) ಅಭ್ಯಾಸ ಮಾಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಅದಕ್ಕೆ ಅಷ್ಟು ದೂರ ಯಾಕೆ? ಸ್ಟಾಫ್‌ರೂಮಿನಲ್ಲಿ ನಾಲ್ಕು ಜನ ಕೂತು ಮಾತಾಡಿದರೆ ಸಾಲದಾ?"

ಸಾಲದು. ತೊಂದರೆ ಇರುವುದೇ ಹಾಗೆ ಕೂತು ಮಾತಾಡುವುದರಲ್ಲಿ.

ಬ್ರೈನ್‌ಸ್ಟಾರ್ಮಿಂಗನ್ನು ಜನಪ್ರಿಯ ಮಾಡಿದವರು ಅಮೆರಿಕದ ಜಾಹೀರಾತು ಲೋಕದ ಅಲೆಕ್ಸ್ ಆಸ್ಬಾರ್ನ್. ಅವರ ನಿಯಮಗಳು ಸರಳ: ಸದ್ಯಕ್ಕೆ ಯಾರ ಐಡಿಯಾವನ್ನೂ ಟೀಕಿಸಬೇಡಿ, ಐಡಿಯಾ ಎಷ್ಟು ಬಂದರೂ ಬರಲಿ, ವಿಚಿತ್ರವಾದರೂ ಪರವಾಗಿಲ್ಲ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬೆಳೆಸಿ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದಾಗ ಕಂಡದ್ದು ಬೇರೆ. ಒಟ್ಟಿಗೆ ಕೂತ ನಾಲ್ವರಿಗಿಂತ, ಒಬ್ಬೊಬ್ಬರೇ ಯೋಚಿಸಿದ ನಾಲ್ವರ ಪಟ್ಟಿಗಳನ್ನು ಸೇರಿಸಿದಾಗಲೇ ಹೆಚ್ಚು ಐಡಿಯಾ ಸಿಕ್ಕಿದ್ದವು! 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಎಂಬ ಸಂಶೋಧಕರು ಇದರ ಮುಖ್ಯ ಕಾರಣ ತೋರಿಸಿದರು: ಸರದಿ ಕಾಯುವುದು. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಅಷ್ಟರಲ್ಲಿ ಹೊಳೆದದ್ದು ಮರೆತುಹೋಗುತ್ತದೆ, ಇಲ್ಲವೇ "ಬಿಡು, ಹೇಳೋದು ಬೇಡ" ಅನ್ನಿಸುತ್ತದೆ. ಸ್ಟಾಫ್‌ರೂಮಿನಲ್ಲಿ ಇದರ ಜೊತೆಗೆ ಸೀನಿಯಾರಿಟಿ ಬೇರೆ. ಹಿರಿಯರು ಮೊದಲು ಬಾಯಿ ಬಿಟ್ಟರೆ ಚರ್ಚೆ ಅಲ್ಲಿಗೆ ಮುಗಿಯಿತು, ಅಲ್ವಾ?

ಬೇರೆ ದೇಶದವರ ಜೊತೆ ಹೀಗೆ ಕೂತು ಮಾತಾಡುವ ಸುಖವೇ ಇಲ್ಲ. ಜಪಾನಿನಲ್ಲಿ ಬೆಳಿಗ್ಗೆ ಒಂಬತ್ತಾದಾಗ ಚಳಿಗಾಲದ ಬ್ರಿಟನ್ನಿನಲ್ಲಿ ನಡುರಾತ್ರಿ. ವಿಡಿಯೊ ಕಾಲ್ ಹೊಂದಿಸಿದರೂ ಪಟಪಟ ಇಂಗ್ಲಿಷ್ ಬರುವವರದ್ದೇ ದರ್ಬಾರು. ಹಾಗಾಗಿ ಬರೆಯಲೇಬೇಕು. ಈ ಅನಿವಾರ್ಯತೆಯೇ ನಮಗೆ ದೊಡ್ಡ ಅನುಕೂಲ.

ನಾವು ಹೆಚ್ಚಾಗಿ ಬಳಸುವುದು ಜರ್ಮನಿಯ ಬೆರ್ಂಡ್ ರೋರ್‌ಬಾಖ್ 1968ರಲ್ಲಿ ಪರಿಚಯಿಸಿದ 6-3-5 ವಿಧಾನ. ಆರು ಜನ, ತಲಾ ಮೂರು ಐಡಿಯಾ, ಐದು ನಿಮಿಷ. ಆಮೇಲೆ ಹಾಳೆ ಪಕ್ಕದವರಿಗೆ. ಅವರು ಮೇಲಿನದನ್ನು ಓದಿ ಇನ್ನೂ ಮೂರು ಸೇರಿಸುತ್ತಾರೆ. ಆರು ಸುತ್ತು ಮುಗಿದಾಗ 108 ಐಡಿಯಾ. ನಾವು ಹಾಳೆಯ ಬದಲು ಎಲ್ಲರೂ ತೆರೆಯಬಹುದಾದ ಆನ್‌ಲೈನ್ ಶೀಟ್ ಇಟ್ಟುಕೊಂಡಿದ್ದೇವೆ, ಐದು ನಿಮಿಷದ ಬದಲು ಒಂದು ದಿನ. ನಿಧಾನವಾಗಿ ಬರೆಯುವವರಿಗೂ ಸಮಯ ಸಿಗುತ್ತದೆ. ಯಾರೂ ಯಾರಿಗೂ ಅಡ್ಡ ಬರುವುದಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಪ್ರಶ್ನೆಯನ್ನು ತಿರುಗಿಸಿ ಕೇಳುವ ಆಟ. "ಭಿನ್ನರಾಶಿ ಪಾಠವನ್ನು ಚೆನ್ನಾಗಿ ಮಾಡೋದು ಹೇಗೆ" ಅಂದರೆ ಎಲ್ಲರೂ ತರಬೇತಿಯಲ್ಲಿ ಕೇಳಿದ್ದನ್ನೇ ಬರೆಯುತ್ತಾರೆ. "ಮಕ್ಕಳು ಈ ಪಾಠವನ್ನು ಜನ್ಮದಲ್ಲಿ ಮತ್ತೆ ಮುಟ್ಟದ ಹಾಗೆ ಮಾಡೋದು ಹೇಗೆ" ಅಂತ ಕೇಳಿ ನೋಡಿ! ಚಿತ್ರ ಬರೆಯದೆ ನೇರ ನಿಯಮಕ್ಕೆ ಹೋಗಿ, ತಪ್ಪು ಉತ್ತರ ಕೊಟ್ಟವರನ್ನು ಬೋರ್ಡಿನ ಮುಂದೆ ನಿಲ್ಲಿಸಿ, "ಯಾಕೆ" ಅಂತ ಕೇಳಿದರೆ "ಪರೀಕ್ಷೆಗೆ ಬರುತ್ತೆ" ಅನ್ನಿ... ಪಟ್ಟಿ ನಿಲ್ಲುವುದೇ ಇಲ್ಲ. ಬೇಜಾರಿನ ಕ್ಲಾಸು ಎಲ್ಲ ದೇಶದಲ್ಲೂ ಒಂದೇ ಥರ ಇರುತ್ತದೆ. ಆಮೇಲೆ ಒಂದೊಂದನ್ನೂ ಉಲ್ಟಾ ಮಾಡಿದರೆ ಕೆಲಸಕ್ಕೆ ಬರುವ ಐಡಿಯಾ ಸಿಗುತ್ತದೆ.

ಇನ್ನೊಂದು ಲಾಭ ಉಂಟು. "ಇದು ನಮ್ಮ ಸಿಲಬಸ್‌ನಲ್ಲಿ ಆಗಲ್ಲ" ಅನ್ನುವ ಮಾತು ಇಲ್ಲಿ ಬೇಗ ಬರುವುದಿಲ್ಲ. ಎದುರಿನವರ ಸಿಲಬಸ್ ಏನೆಂದೇ ಗೊತ್ತಿರುವುದಿಲ್ಲವಲ್ಲ!

ತೊಡಕು ಬರುವುದು ಆರಿಸುವಾಗ. ಪರಿಚಯ ಕಡಿಮೆ, ಮರ್ಯಾದೆ ಜಾಸ್ತಿ. ಎಲ್ಲದಕ್ಕೂ "ತುಂಬಾ ಚೆನ್ನಾಗಿದೆ" ಅಂದುಬಿಟ್ಟರೆ 108 ಐಡಿಯಾ ಹಾಗೇ ಬಿದ್ದಿರುತ್ತವೆ. ಅದಕ್ಕೇ ಜಪಾನಿನ ಜಿರೋ ಕವಾಕಿತಾ ರೂಪಿಸಿದ ಕೆಜೆ ವಿಧಾನದ ಹಾಗೆ, ಒಂದನ್ನೊಂದು ಹೋಲುವ ಐಡಿಯಾಗಳನ್ನು ಗುಂಪು ಮಾಡಿ, ಆಮೇಲೆ ಗುಂಪಿಗೆ ಹೆಸರಿಡುತ್ತೇವೆ. ಕೊನೆಗೆ ಹೆಸರು ಹೇಳದೆ ಓಟು. ಅಷ್ಟಾದರೂ ಕೆಲವೊಮ್ಮೆ ಸಪ್ಪೆ ಐಡಿಯಾವೇ ಗೆಲ್ಲುತ್ತದೆ, ಅದು ಬೇರೆ ಮಾತು.

ಶುರು ಮಾಡುವುದಾದರೆ ಇಪ್ಪತ್ತು ಜನರನ್ನು ಸೇರಿಸಲು ಹೋಗಬೇಡಿ, ಮೂರ್ನಾಲ್ಕು ಜನ ಸಾಕು. "ಶಿಕ್ಷಣದ ಭವಿಷ್ಯ" ಥರದ ವಿಷಯವೂ ಬೇಡ, ಅದರಿಂದ ಭಾಷಣ ಮಾತ್ರ ಹುಟ್ಟುತ್ತದೆ. ಮುಂದಿನ ವಾರ ನೀವು ನಿಜವಾಗಿ ಮಾಡಬೇಕಾದ ಒಂದು ಪಾಠವನ್ನು ಶೀಟಿನ ಮೇಲೆ ಬರೆದು ಕಳಿಸಿ.