ಇಲ್ಲದ ಊರು, ಇಲ್ಲದ ಮೆಟ್ಟಿಲು

ನಿದ್ದೆ ಬರದ ರಾತ್ರಿ ನಾನು ಮೊಬೈಲಿನಲ್ಲಿ ನಕ್ಷೆ ನೋಡುತ್ತೇನೆ. ಎಲ್ಲಿಗೂ ಹೋಗೋದಕ್ಕಲ್ಲ, ಸುಮ್ನೆ. ಹಾಗೆ ನೋಡುತ್ತಾ, ಓದುತ್ತಾ ಸಿಕ್ಕ ಊರು ಆಗ್ಲೋ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳ ನಡುವೆ ಎರಡು ಮಣ್ಣುರಸ್ತೆ ಸೇರುವ ಜಾಗ. ಅಲ್ಲಿ ಊರೇ ಇರಲಿಲ್ಲ. 1930ರ ದಶಕದಲ್ಲಿ ಜನರಲ್ ಡ್ರಾಫ್ಟಿಂಗ್ ಎಂಬ ಕಂಪನಿಯ ಒಟ್ಟೊ ಲಿಂಡ್‌ಬರ್ಗ್ ಮತ್ತು ಅವರ ಸಹಾಯಕ ಅರ್ನೆಸ್ಟ್ ಆಲ್ಪರ್ಸ್ ತಮ್ಮ ಹೆಸರಿನ ಮೊದಲಕ್ಷರಗಳನ್ನು ಕಲಸಿ ಈ ಹೆಸರು ಮಾಡಿ, ನಕ್ಷೆಯಲ್ಲಿ ಕೂರಿಸಿದರು. ಕಳ್ಳರನ್ನು ಹಿಡಿಯುವ ಬಲೆ ಅದು. ಬೇರೆಯವರ ನಕ್ಷೆಯಲ್ಲೂ ಆಗ್ಲೋ ಕಂಡರೆ ನಕಲು ಹೊಡೆದಿದ್ದಾರೆ ಅಂತ ಗೊತ್ತಾಗುತ್ತದೆ.

ಕೆಲವು ವರ್ಷಗಳ ನಂತರ ರ‍್ಯಾಂಡ್ ಮೆಕ್‌ನ್ಯಾಲಿ ಕಂಪನಿಯ ನಕ್ಷೆಯಲ್ಲಿ ಆಗ್ಲೋ ಕಂಡೇಬಿಟ್ಟಿತು. ಸಿಕ್ಕಿಬಿದ್ದರು ಅಂದುಕೊಂಡರೆ, ಅವರು ಹೇಳಿದ್ದು: ಅಲ್ಲಿ ಹೋಗಿ ನೋಡಿ, ಆಗ್ಲೋ ಜನರಲ್ ಸ್ಟೋರ್ ಅಂತ ಅಂಗಡಿಯೇ ಇದೆ! ನಿಜವಾಗಿಯೂ ಇತ್ತು. ಅಂಗಡಿ ಕಟ್ಟಿದವರು ನಕ್ಷೆ ನೋಡಿ, ಈ ಜಾಗದ ಹೆಸರು ಇದೇ ಇರಬೇಕು ಅಂತ ಬೋರ್ಡು ಹಾಕಿಸಿದ್ದರು. ಆಮೇಲೆ ಅಂಗಡಿ ಮುಚ್ಚಿತು. ಹೆಸರು ಮಾತ್ರ 2014ರವರೆಗೂ ಗೂಗಲ್ ಮ್ಯಾಪ್ಸ್‌ನಲ್ಲಿ ಉಳಿದಿತ್ತು.

ಇದರ ಉಲ್ಟಾ ಕಥೆಯೂ ಇದೆ. ಆಸ್ಟ್ರೇಲಿಯಾದ ಪೂರ್ವಕ್ಕೆ, ಕೋರಲ್ ಸಮುದ್ರದ ಸ್ಯಾಂಡಿ ದ್ವೀಪವನ್ನು ನೂರು ವರ್ಷಕ್ಕೂ ಜಾಸ್ತಿ ಕಾಲ ನಕ್ಷೆಗಳಲ್ಲಿ ಬರೆಯುತ್ತಾ ಬಂದರು. 2012ರಲ್ಲಿ ವಿಜ್ಞಾನಿಗಳು ಹಡಗಿನಲ್ಲಿ ಹೋಗಿ ನೋಡಿದರೆ ಬರೀ ನೀರು, ಅದೂ ಸುಮಾರು 1,400 ಮೀಟರ್ ಆಳ. ಆದರೆ ನನಗೆ ಇಷ್ಟ ಆಗ್ಲೋನೇ. ಯಾಕೆ ಅಂದರೆ ನಮ್ಮ ಮನೆಯಲ್ಲೂ ಒಂದು ಆಗ್ಲೋ ಇದೆ.

ನಾನು ನಾಲ್ಕೈದು ವರ್ಷದವನಿದ್ದಾಗ ನಾವಿದ್ದ ಬಾಡಿಗೆ ಮನೆ. ಮಹಡಿಗೆ ಕಲ್ಲಿನ ಮೆಟ್ಟಿಲು. ಮೂರನೇ ಮೆಟ್ಟಿಲಿನಲ್ಲಿ ಒಂದು ಬಿರುಕು, ಅದರೊಳಗಿಂದ ಸಾಲಾಗಿ ಬರುವ ಇರುವೆ. ಬಿಸಿಲಿಗೆ ಕಲ್ಲು ಕಾದು, ಕೂತರೆ ತೊಡೆ ಚುರ್ ಅನ್ನುತ್ತಿತ್ತು. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಹೋದ ವರ್ಷ ಹೀಗೇ ಶುರು ಮಾಡಿದಾಗ ಅಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದಳು. "ಯಾವ ಮೆಟ್ಟಿಲೋ? ಆ ಮನೆಗೆ ಮಹಡಿಯೇ ಇರಲಿಲ್ಲ. ಹೆಂಚಿನ ಮನೆ ಅದು."

ಹಳೇ ಫೋಟೋ ಹುಡುಕಿದೆ. ಬಾಗಿಲಲ್ಲಿ ಅಪ್ಪ ನಿಂತಿದ್ದಾರೆ. ಮೇಲೆ ಹೆಂಚು. ಮೆಟ್ಟಿಲು ಇಲ್ಲ. ಆದರೂ ತೊಡೆಗೆ ಆ ಬಿಸಿ ಇನ್ನೂ ನೆನಪಿದೆ! ಬೇರೆ ಯಾರದೋ ಮನೆಯ ಮೆಟ್ಟಿಲನ್ನು ತಂದು ಇಲ್ಲಿ ಜೋಡಿಸಿದ್ದೇನಾ? ಇರಬಹುದು.

ತಂಗಿಗೆ ಫೋನ್ ಮಾಡಿ ಹೇಳಿದೆ. ಆ ಮನೆ ಬಿಟ್ಟಾಗ ಅವಳಿಗೆ ಒಂದು ವರ್ಷವೂ ತುಂಬಿರಲಿಲ್ಲ. ಅವಳಿಗೆ ಗೊತ್ತಿರೋದೆಲ್ಲ ನಾನು ಹೇಳಿದ್ದೇ ಅಲ್ವಾ?

"ಅಮ್ಮನಿಗೆ ಮರೆತುಹೋಗಿದೆ ಅಣ್ಣ," ಅಂದಳು. "ಮೆಟ್ಟಿಲು ಇತ್ತು. ಪಕ್ಕದಲ್ಲಿ ಹಸಿರು ಬಣ್ಣದ ಕಬ್ಬಿಣದ ಕಂಬಿಯೂ ಇತ್ತಲ್ಲ?"

ಕಂಬಿಯ ವಿಷಯ ನಾನು ಯಾವತ್ತೂ ಹೇಳಿರಲಿಲ್ಲ.