ಮಗಳ ಮ್ಯಾಗ್ನೆಟ್ಟು, 12 ವೋಲ್ಟು, ಒಂದು ಬಕೆಟ್ ನೀರು

ಹತ್ತನೇ ಕ್ಲಾಸಿನ ಸೈನ್ಸಲ್ಲಿ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು ಅಂತ ಒಂದು ಪಾಠ ಇದೆಯಲ್ಲ, ಅದನ್ನ ಓದಿ ನನ್ನ ಮಗಳು ಸ್ಕೂಲ್ ಎಕ್ಸಿಬಿಷನ್ನಿಗೆ ಎಲೆಕ್ಟ್ರೋಮ್ಯಾಗ್ನೆಟ್ ಮಾಡ್ತೀನಿ ಅಂದ್ಲು. ಮೊಳೆಗೆ ವೈರ್ ಸುತ್ತಿ ಗುಂಡುಪಿನ್ನು ಎತ್ತೋದು ಬೇಡವಂತೆ, ಅದನ್ನ ಎಲ್ರೂ ಮಾಡ್ತಾರೆ, "ಅಪ್ಪಾ ನಂದು ಒಂದು ಬಕೆಟ್ ನೀರು ಎತ್ತಬೇಕು" ಅಂದ್ಲು. ಸರಿ ಅಂತ ಇಬ್ರೂ ಕೂತ್ವಿ.

ಕರೆಂಟ್ ಜಾಸ್ತಿ ಹರಿದ್ರೆ ಮ್ಯಾಗ್ನೆಟ್ ಜೋರು, ದಪ್ಪ ವೈರಾದ್ರೆ ಕರೆಂಟ್ ಜಾಸ್ತಿ, ಇಷ್ಟೇ ಲೆಕ್ಕ ನಮ್ಮಿಬ್ರದ್ದು. 18 ಗೇಜಿನ ತಾಮ್ರದ ವೈರು 4 ಮೀಟರ್ ತಗೊಂಡು ದೊಡ್ಡ ಬೋಲ್ಟಿಗೆ ಅರವತ್ತು ಚಿಲ್ಲರೆ ಸುತ್ತು ಸುತ್ತಿ, ಯುಪಿಎಸ್‌ನ 12 ವೋಲ್ಟ್ 7 ಎಎಚ್ (ಆಂಪಿಯರ್ ಅವರ್) ಬ್ಯಾಟರಿಗೆ ಮುಟ್ಟಿಸಿದೆ. ಪಟ್ ಅಂತ ಕಿಡಿ ಹಾರ್ತು, ಎರಡು ಸೆಕೆಂಡಲ್ಲಿ ವೈರ್ ಮುಟ್ಟಕ್ಕಾಗದಷ್ಟು ಬಿಸಿ, ಸುಟ್ಟ ವಾರ್ನಿಷ್ ವಾಸನೆ ಮನೆ ತುಂಬಾ. ಆಮೇಲೆ ಲೆಕ್ಕ ಹಾಕಿ ನೋಡಿದ್ರೆ ಆ ವೈರಿನ ರೆಸಿಸ್ಟೆನ್ಸ್ ಬರೀ 0.06 ಓಮ್, ಅಂದ್ರೆ 200 ಆಂಪಿಯರ್. ಅಷ್ಟು ಕೊಡೋ ತಾಕತ್ತು ಆ ಬ್ಯಾಟರಿಗಿಲ್ಲ, ಆದ್ರೆ ಅದು ಕೊಟ್ಟಷ್ಟೇ ಕೈ ಸುಡಕ್ಕೆ ಸಾಕಿತ್ತು. ನಾವು ಮಾಡಿದ್ದು ಮ್ಯಾಗ್ನೆಟ್ ಅಲ್ಲ, ಶಾರ್ಟ್ ಸರ್ಕ್ಯೂಟು.

ದಾವಣಗೆರೆಯಲ್ಲಿ ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಮಾಡೋ ಅಂಗಡಿಗಳು ಬೇಕಾದಷ್ಟಿವೆ, ಅಂಥ ಒಂದು ಅಂಗಡಿಗೆ ಹೋಗಿ ವೈರ್ ಕೇಳಿದ್ವಿ. ಅಂಗಡಿಯವ್ರು ಕತೆ ಎಲ್ಲಾ ಕೇಳಿ "ಸರ, ದಪ್ಪ ಹಾಕಬ್ಯಾಡ್ರಿ, 22 ಗೇಜ್ ಹಾಕ್ರಿ, ಸುತ್ತು ಜಾಸ್ತಿ ಮಾಡ್ರಿ" ಅಂದ್ರು (ಗೇಜ್ ನಂಬರ್ ಜಾಸ್ತಿ ಆದಷ್ಟೂ ವೈರ್ ತೆಳು). ಯಾಕೆ ಅನ್ನೋದು ನಮಗೆ ಮನೆಗೆ ಬಂದು ಪೇಪರ್ ಮೇಲೆ ಬರೆದಾಗ ಹೊಳೀತು, ಇದೇ ನನಗೆ ಇಡೀ ಪ್ರಾಜೆಕ್ಟಲ್ಲಿ ತುಂಬಾ ಇಷ್ಟ ಆದ ವಿಷಯ. ಮ್ಯಾಗ್ನೆಟ್ಟಿನ ಬಲ ಬರೋದು ಬರೀ ಆಂಪಿಯರಿಂದ ಅಲ್ಲ, ಆಂಪಿಯರನ್ನ ಸುತ್ತಿನಿಂದ ಗುಣಿಸಬೇಕು. ಅದೇ ಬ್ಯಾಟರಿ ಅದೇ ಗೇಜು ಇಟ್ಕೊಂಡು ಸುತ್ತು ಎರಡು ಪಟ್ಟು ಮಾಡಿದ್ರೆ ವೈರಿನ ಉದ್ದ ಎರಡು ಪಟ್ಟು, ರೆಸಿಸ್ಟೆನ್ಸೂ ಎರಡು ಪಟ್ಟು, ಕರೆಂಟ್ ಅರ್ಧ, ಗುಣಿಸಿದ್ರೆ ಮತ್ತೆ ಅದೇ ಉತ್ತರ. ಅಂದ್ರೆ ಬಲ ಅಷ್ಟೇ ಇರುತ್ತೆ, ಬಿಸಿ ಮಾತ್ರ ಅರ್ಧ ಆಗುತ್ತೆ! ನಮ್ಮ ಲೆಕ್ಕದಲ್ಲಿ 500 ಸುತ್ತಿಗೆ ಸುಮಾರು 7 ಆಂಪಿಯರ್, 83 ವ್ಯಾಟ್ ಬಿಸಿ. 1000 ಸುತ್ತಿಗೆ ಸುಮಾರು 3.5 ಆಂಪಿಯರ್, 41 ವ್ಯಾಟ್. ಮಗಳು ಈ ಲೆಕ್ಕವನ್ನ ಮೂರು ಸಲ ಮಾಡಿ ನೋಡಿದ್ಲು, ನಂಬಕ್ಕೇ ಆಗ್ಲಿಲ್ಲ ಅವಳಿಗೆ.

ಬೋಲ್ಟ್ ಬಿಟ್ಟು 16 ಎಂಎಂ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ರಾಡನ್ನ ವೆಲ್ಡಿಂಗ್ ಶಾಪಲ್ಲಿ ಕಾಯಿಸಿ ಕುದುರೆ ಲಾಳದ ಥರ ಬಗ್ಗಿಸ್ಕೊಂಡು ಬಂದ್ವಿ. ಎರಡು ತುದಿನೂ ಒಂದೇ ಕಬ್ಬಿಣದ ಪಟ್ಟಿಗೆ ಕೂತ್ರೆ ಕಾಂತದ ದಾರಿ ಪೂರ್ತಿ ಕಬ್ಬಿಣದೊಳಗೇ ಸುತ್ತಿ ಬರುತ್ತೆ, ಗಾಳಿಯಲ್ಲಿ ಹಾಯಬೇಕಾಗಿಲ್ಲ, ಹಿಡಿತ ಎಷ್ಟೋ ಪಟ್ಟು ಜಾಸ್ತಿ. ಇದು ಹಳೇ ವಿದ್ಯೆ, 1825ರಲ್ಲೇ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಲಾಳದ ಆಕಾರದ ಮ್ಯಾಗ್ನೆಟ್ ತೋರಿಸಿದ್ದ. ಅವನು ಬರಿ ವೈರು ಬಳಸಿದ್ರಿಂದ ಒಂದಕ್ಕೊಂದು ತಾಗದ ಹಾಗೆ ದೂರ ದೂರ ಸುತ್ತಬೇಕಿತ್ತು, ಅಮೆರಿಕದ ಜೋಸೆಫ್ ಹೆನ್ರಿ ವೈರಿಗೇ ರೇಷ್ಮೆ ಸುತ್ತಿ ಪದರದ ಮೇಲೆ ಪದರ ಹಾಕಿ, 1831ರಲ್ಲಿ ಯೇಲ್ ಕಾಲೇಜಿಗೆ ಮಾಡಿಕೊಟ್ಟ ಮ್ಯಾಗ್ನೆಟ್ಟಲ್ಲಿ 900 ಕೆಜಿಗೂ ಮೀರಿ ಎತ್ತಿಸಿದ. ಆ ರೇಷ್ಮೆ ಜಾಗದಲ್ಲಿ ಈಗ ಎನಾಮೆಲ್ ಲೇಪ ಇದೆ ಅಷ್ಟೆ (ತುದಿಯಲ್ಲಿ ಅದನ್ನ ಬ್ಲೇಡಿಂದ ಚೆನ್ನಾಗಿ ಕೆರೀಬೇಕು, ಇಲ್ದಿದ್ರೆ ಕರೆಂಟೇ ಹರಿಯಲ್ಲ).

ಒಂದೊಂದು ಕಾಲಿಗೆ 500 ಸುತ್ತು, ಮಗಳು ಎಣಿಸೋದು ನಾನು ಸುತ್ತೋದು, ಎರಡು ಸಂಜೆ ಹಿಡೀತು. ಆನ್ ಮಾಡಿದ್ರೆ ಪಟ್ಟಿ ಹಿಡೀತು ಆದ್ರೆ ತೀರಾ ಸಪ್ಪೆ. ದಿಕ್ಸೂಚಿ ಹಿಡಿದು ನೋಡಿದಾಗ ಗೊತ್ತಾಯ್ತು, ಎರಡು ತುದಿನೂ ಉತ್ತರ ಧ್ರುವ! ಎರಡು ಕಾಯಿಲ್‌ಗಳೂ ಒಂದಕ್ಕೊಂದು ಎದುರು ತಳ್ಳಾಡ್ತಿದ್ವು. ಬಿಚ್ಚೋದೇನೂ ಬೇಕಾಗ್ಲಿಲ್ಲ, ಒಂದು ಕಾಯಿಲ್‌ನ ಎರಡು ತುದಿ ಅದಲು ಬದಲು ಮಾಡಿದ್ವಿ, ಮುಗೀತು.

ಮಾಡೋರಿಗೆ ಒಂದು ಮಾತು, ಆಫ್ ಮಾಡೋವಾಗ ಹುಷಾರು. ಬರೀ 12 ವೋಲ್ಟ್ ತಾನೇ ಅಂತ ಎರಡೂ ವೈರ್ ಕೈಯಲ್ಲಿ ಹಿಡಿದು ಬ್ಯಾಟರಿಯಿಂದ ಎಳೆದೆ, ಮೊಣಕೈವರೆಗೂ ಶಾಕ್ ಹೊಡೀತು. ಕರೆಂಟ್ ತಟ್ಟನೆ ನಿಂತಾಗ ಕಾಯಿಲ್ ತನ್ನಲ್ಲಿದ್ದ ಶಕ್ತಿನ ದೊಡ್ಡ ವೋಲ್ಟೇಜಾಗಿ ಹೊರಗೆ ಹಾಕುತ್ತೆ, ಬೈಕಿನ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಸಿಗೋದೂ ಹೀಗೇ. ಕಾಯಿಲ್‌ಗೆ ಅಡ್ಡಲಾಗಿ 1ಎನ್5408 ಡಯೋಡ್ (ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಬಿಡಿಭಾಗ), ಗೆರೆ ಇರೋ ಕಡೆ ಪ್ಲಸ್ಸಿಗೆ, ಜೊತೆಗೆ ಒಂದು 5 ಆಂಪಿಯರ್ ಫ್ಯೂಸ್ ಹಾಕಿದ್ಮೇಲೇ ಮಗಳ ಕೈಗೆ ಸ್ವಿಚ್ ಕೊಟ್ಟೆ. ಗೋಡೆ ಪ್ಲಗ್ಗಿನ 230 ವೋಲ್ಟಿಗಂತೂ ಇಂಥದ್ದನ್ನ ಯಾವತ್ತೂ ಹಾಕ್ಬೇಡಿ.

ತುದಿಗಳನ್ನ ಅರದಿಂದ ಸಮ ಉಜ್ಜಿ, ದಪ್ಪ ಕಬ್ಬಿಣದ ಪಟ್ಟಿಗೆ ಕೊಂಡಿ ಹಾಕಿ, 15 ಲೀಟರ್ ಬಕೆಟ್ ನೇತು ಹಾಕಿದ್ವಿ. ಎತ್ತಿತು! ನಡುವೆ ಮೂರು ಎಂಎಂ ದಪ್ಪದ ರಟ್ಟು ಇಟ್ರೆ ಖಾಲಿ ಬಕೆಟ್ ಹಿಡಿಯುತ್ತೆ, ನೀರು ತುಂಬ್ತಾ ಬಂದ ಹಾಗೆ ಕೈ ಬಿಡುತ್ತೆ. ಎಕ್ಸಿಬಿಷನ್ನಲ್ಲಿ ಜನ ಜಾಸ್ತಿ ಹೊತ್ತು ನಿಂತಿದ್ದು ಆ ರಟ್ಟಿನ ಹತ್ರಾನೇ.

ಹಿಂದಿನ ರಾತ್ರಿ ಒಂದು ತೊಂದರೆ ಬಂದಿತ್ತು. ಬಕೆಟ್ ಇಲ್ದೆ ಬರೀ ಪಟ್ಟಿ ಅಂಟಿಸಿ ಸ್ವಿಚ್ ಆಫ್ ಮಾಡಿದ್ರೂ ಅದು ಬೀಳ್ತಾನೇ ಇರ್ಲಿಲ್ಲ, ಕಬ್ಬಿಣದಲ್ಲಿ ಸ್ವಲ್ಪ ಕಾಂತ ಉಳ್ಕೊಂಡಿತ್ತು. ಮಗಳು ಯೋಚನೆ ಮಾಡಿ ಎರಡು ತುದಿಗೂ ಒಂದೊಂದು ತುಂಡು ಇನ್ಸುಲೇಷನ್ ಟೇಪ್ ಅಂಟಿಸಿದ್ಲು, ಆಫ್ ಮಾಡಿದ್ಲು, ಪಟ್ಟಿ ಠಣ್ ಅಂತ ನೆಲಕ್ಕೆ ಬಿತ್ತು. ರಾತ್ರಿ ಹನ್ನೊಂದೂವರೆ, ಕೆಳಗಿನ ಮನೆಯವ್ರು ಏನಾಯ್ತು ಅಂತ ಮೇಲೆ ಬಂದ್ರು, ಅವರಿಗೂ ಒಂದು ಸಲ ಎತ್ತಿ ಬೀಳ್ಸಿ ತೋರಿಸಿದ್ಲು.