ಲಂಡನ್‌ನಲ್ಲಿ ಸಾರಾ ಸಿಡನ್ಸ್‌ನ ನೋಡೋಕೆ ಒಂದು ದಿನ

ನಾಟಕದ ಹುಚ್ಚಿರೋರು ಲಂಡನ್‌ಗೆ ಹೋದ್ರೆ ಹದಿನೆಂಟನೇ ಶತಮಾನದ ಬ್ರಿಟಿಷ್ ನಟಿ ಸಾರಾ ಸಿಡನ್ಸ್ ಚಿತ್ರ ನೋಡೋಕೆ ಒಂದು ದಿನ ಡಲ್ವಿಚ್ ಪಿಕ್ಚರ್ ಗ್ಯಾಲರಿಗೆ ಎತ್ತಿಡಿ. ಬರೆಯೋದು ಡಲ್ವಿಚ್, ಅಲ್ಲಿಯವರು ಅನ್ನೋದು ಡಲಿಚ್. ವಿಕ್ಟೋರಿಯಾ ಸ್ಟೇಷನ್‌ನಿಂದ ವೆಸ್ಟ್ ಡಲಿಚ್‌ಗೆ ಟ್ರೇನ್ ಇದೆ, ಇಳಿದು ಸ್ವಲ್ಪ ನಡೀಬೇಕು. ಸೋಮವಾರ ರಜಾ, ನಾನು ಗೊತ್ತಿಲ್ದೆ ಸೋಮವಾರನೇ ಹೋಗಿ ಬಾಗಿಲು ನೋಡ್ಕೊಂಡು ವಾಪಸ್ ಬಂದು ಮಾರನೇ ದಿನ ಮತ್ತೆ ಹೋದೆ. ಟಿಕೆಟ್ ಇದೆ, ಚಿತ್ರ ಗೋಡೆ ಮೇಲಿದೆಯಾ ಅಂತ ಮೊದಲೇ ವಿಚಾರಿಸ್ಕೊಳ್ಳಿ.

ನೋಡಬೇಕಾದ್ದು ಜೋಶುವಾ ರೆನಾಲ್ಡ್ಸ್ ಬರೆದ ಸಾರಾ ಸಿಡನ್ಸ್ ಚಿತ್ರ. ಶೇಕ್ಸ್‌ಪಿಯರ್ ನಾಟಕದ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ಹೆಸರಾದ ಈ ನಟಿಯನ್ನ ಗ್ರೀಕರ ದುರಂತ ನಾಟಕದ ದೇವತೆ ಮೆಲ್ಪೊಮೆನೆ ಥರ ಮೋಡದ ಮೇಲಿನ ಸಿಂಹಾಸನದಲ್ಲಿ ಕೂರಿಸಿದ್ದಾರೆ. ಹಿಂದೆ ಕತ್ತಲಲ್ಲಿ ಎರಡು ಆಕೃತಿ, ಒಂದರ ಕೈಲಿ ಕಠಾರಿ, ಇನ್ನೊಂದರ ಕೈಲಿ ಬಟ್ಟಲು. ನನ್ನ ಕಣ್ಣು ನಿಂತಿದ್ದು ಕೈಗಳ ಮೇಲೆ, ಒಂದು ಮೇಲಕ್ಕೆ ಎತ್ತಿದೆ, ಇನ್ನೊಂದು ಸಿಂಹಾಸನದ ತೋಳಿನ ಮೇಲೆ ಜೀವ ಬಿಟ್ಟ ಹಾಗೆ ಇಳಿಬಿದ್ದಿದೆ. ಯಕ್ಷಗಾನದ ಚೌಕಿಯಲ್ಲಿ, ಅಂದ್ರೆ ಬಣ್ಣದ ಮನೆಯಲ್ಲಿ, ವೇಷ ಕಟ್ಟಿ ಕೂತ ಕಲಾವಿದರನ್ನ ಹೆಸರು ಹಿಡಿದು ಕರೆಯೋಕೆ ಬಾಯಿ ಬರಲ್ವಲ್ಲ, ಹಾಗೇ ಆಯ್ತು ನಂಗೆ.

ಇದು 1789ರ ಪ್ರತಿ. 1784ರ ಮೂಲ ಲಾಸ್ ಏಂಜಲೀಸ್ ಹತ್ತಿರದ ಹಂಟಿಂಗ್ಟನ್ ಮ್ಯೂಸಿಯಂನಲ್ಲಿದೆ, ಅಮೆರಿಕದಲ್ಲಿರೋ ನಮ್ಮೋರು ಅಲ್ಲಿಗೇ ಹೋಗಬಹುದು (ಅಲ್ಲಿ ಮಂಗಳವಾರ ರಜಾ), ಉಡುಪಿನ ಅಂಚಲ್ಲಿ ರೆನಾಲ್ಡ್ಸ್ ಸಹಿ ಹುಡುಕಿ ನೋಡಿ.

ಡಲಿಚ್ ಮುಗಿಸಿ ಅವತ್ತೇ ನ್ಯಾಷನಲ್ ಗ್ಯಾಲರಿಗೆ ಬನ್ನಿ, ಅಲ್ಲಿ ಪ್ರವೇಶ ಫ್ರೀ. 1785ರಲ್ಲಿ ಗೇನ್ಸ್‌ಬರೋ ಅನ್ನೋ ಇನ್ನೊಬ್ಬ ಚಿತ್ರಕಾರ ಬರೆದ ಅದೇ ಸಾರಾ ಇದ್ದಾಳೆ, ದೊಡ್ಡ ಕಪ್ಪು ಹ್ಯಾಟು, ನೀಲಿ ಪಟ್ಟೆ ಡ್ರೆಸ್ಸು, ಯಾವ ದೇವತೆನೂ ಅಲ್ಲ. ದಯವಿಟ್ಟು ಈ ಕ್ರಮ ತಪ್ಪಿಸಬೇಡಿ, ದೇವತೆನ ನೋಡಿ ಬಂದ ಕಣ್ಣಿಗೇ ಈ ಹೆಂಗಸಿನ ನೇರ ಮೂಗು, ಬಿಗಿದ ತುಟಿ ಚೆನ್ನಾಗಿ ಕಾಣೋದು.

ಇನ್ನೂ ಬೆಳಕಿದ್ರೆ ಚೇರಿಂಗ್ ಕ್ರಾಸ್‌ನಿಂದ ಬೇಕರ್‌ಲೂ ಲೈನ್‌ನ ಮೆಟ್ರೋ ಹಿಡಿದು ಎಡ್ಜ್‌ವೇರ್ ರೋಡ್‌ಗೆ ಹೋಗಿ. ಹತ್ತಿರದಲ್ಲೇ ಪ್ಯಾಡಿಂಗ್ಟನ್ ಗ್ರೀನ್‌ನಲ್ಲಿ ಸಾರಾಳ 1897ರ ಅಮೃತಶಿಲೆ ಪ್ರತಿಮೆ ಇದೆ, ರೆನಾಲ್ಡ್ಸ್ ಚಿತ್ರದ ಭಂಗಿಯನ್ನೇ ನೆನಪಿಸುತ್ತೆ. ಪಕ್ಕದ ಫ್ಲೈಓವರ್ ಮೇಲೆ ಲಾರಿಗಳ ಸದ್ದು ನಿಲ್ಲಲ್ಲ. ಅವಳ ಸಮಾಧಿಯೂ ಅಲ್ಲೇ ಚರ್ಚ್ ಜಾಗದಲ್ಲಿದೆ, ಕತ್ತಲಾಗೋಕೆ ಮುಂಚೆ ನೋಡ್ಕೊಳ್ಳಿ.